ಸಂದು ಬಿಡದ ಹಲಗೆ

ಕೊಳೆತ ಸಾಗುವಾನಿಯ ವಾಸನೆ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಆ ಡಿಸೆಂಬರ್ ಬೆಳಿಗ್ಗೆ ಸೀವುಡ್ಸ್ ಸ್ಟೇಷನ್ನಿನಲ್ಲಿ ಇಳಿದು ರಿಕ್ಷಾ ಹಿಡಿದು ಜೆಟ್ಟಿಗೆ ಹೋದಾಗ, ದಡಕ್ಕೆ ಎಳೆದಿಟ್ಟಿದ್ದ ದೋಣಿಯನ್ನು ಮುಟ್ಟುವ ಮೊದಲೇ ಅದು ಮೂಗಿಗೆ ಬಡಿಯಿತು. ಹನ್ನೆರಡು ಮೀಟರ್ ಉದ್ದದ ಫೈಬರ್ ದೋಣಿ. ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿಗೆ, ಬರುವ ಫ್ಲೆಮಿಂಗೊ ಹಕ್ಕಿಗಳನ್ನು ತೋರಿಸಲು ಜನರನ್ನು ಕೂರಿಸಿಕೊಂಡು ಹೋಗುವುದು ಅದರ ಕೆಲಸ. ಸುತ್ತಲಿನ ಅಂಚುಪಟ್ಟಿ, ಬೆಂಚು, ಕೈಹಿಡಿಕೆ ಎಲ್ಲವನ್ನೂ ನಾಲ್ಕು ವರ್ಷದ ಹಿಂದೆ ಸಾಗುವಾನಿಯಲ್ಲಿ ಮಾಡಿಕೊಟ್ಟವನು ನಾನೇ. ಈಗ ಸ್ಕ್ರೂ ಕೂತ ಜಾಗದಲ್ಲಿ ಬೆರಳು ಒತ್ತಿದರೆ ಮರ ನೆನೆದ ಅವಲಕ್ಕಿಯ ಹಾಗೆ ಒಳಗೆ ಹೋಗುತ್ತಿತ್ತು.

ದೋಣಿಯ ಮಾಲೀಕರು ನಮ್ಮ ಉಡುಪಿ ಕಡೆಯವರು. ಹೋಟೆಲ್ ನಡೆಸುತ್ತಲೇ ಇಂಥ ಮೂರು ದೋಣಿ ಮಾಡಿಕೊಂಡವರು. ನನ್ನ ಮುಖ ನೋಡದೆ, ಖಾಡಿಯ ಕಡೆಗೆ ನೋಡುತ್ತಾ ಹೇಳಿದರು.

"ಆಚಾರ್ರೇ, ಇನ್ನು ಮರ ಬೇಡ. ಪ್ರತಿ ಮಳೆಗಾಲ ಮುಗಿದ ಮೇಲೆ ಇದೇ ರಗಳೆ. ನಿಮ್ಮ ಮೈದುನ ಪ್ಲಾಸ್ಟಿಕ್ ಹಲಗೆ ಮಾಡ್ತಾನಲ್ಲ, ಅದನ್ನೇ ಹಾಕುವಾ. ಕೂರಿಸುವ ಕೆಲಸ ನಿಮ್ಮದೇ. ಇದು ಸರಿಯಾದರೆ ಉಳಿದೆರಡು ದೋಣಿಗೂ ಅದೇ."

ಮೈದುನ ಎಂದರೆ ನನ್ನ ಹೆಂಡತಿಯ ತಮ್ಮ. ಅವನ ಹೆಸರು ಕೇಳಿದರೆ ನಾನು ಮಾತು ತಿರುಗಿಸುವುದು ಆ ದಿನ ಶುರುವಾದದ್ದಲ್ಲ. ಅವರಪ್ಪನ ಹೋಟೆಲ್ ಮುಚ್ಚಿದಾಗ ಇವನು ಏನು ಮಾಡಿಯಾನು ಎಂದು ಎಲ್ಲರಿಗಿಂತ ಹೆಚ್ಚು ಮರುಗಿದವನು ನಾನು. ಆಗ ಮರುಗುವುದು ಸುಲಭವಿತ್ತು. ಅವನು ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯಲ್ಲಿ ಒಂದು ಶೆಡ್ ಹಿಡಿದು, ಜನ ಎಸೆದ ಎಣ್ಣೆ ಕ್ಯಾನು, ಶಾಂಪೂ ಬಾಟಲಿಗಳನ್ನು ಕರಗಿಸಿ ಹಲಗೆ ಮಾಡತೊಡಗಿದ. ಹೋದ ವರ್ಷ ನಮ್ಮ ಕನ್ನಡ ಸಂಘದವರು ಕರೆದು ಶಾಲು ಹೊದಿಸಿದರು. ಅವನು ಭಾಷಣ ಮಾಡಿದ್ದು ಸಂಘಕ್ಕೆ ನಾನು ಮಾಡಿಕೊಟ್ಟಿದ್ದ ಸಾಗುವಾನಿ ಪೀಠದ ಹಿಂದೆ ನಿಂತು. "ಇನ್ನು ಮರ ಕಡಿಯುವ ಅಗತ್ಯವೇ ಇಲ್ಲ" ಎಂದು ಆ ಪೀಠದ ಮೇಲೆ ಕೈ ಬಡಿದು ಹೇಳಿದ. ಸಭೆ ಚಪ್ಪಾಳೆ ಹೊಡೆಯಿತು. ಮೊದಲ ಸಾಲಿನಲ್ಲಿ ನನ್ನ ಹೆಂಡತಿ ಎಲ್ಲರಿಗಿಂತ ಜೋರಾಗಿ ಹೊಡೆದಳು. ಪೀಠ ಯಾರು ಮಾಡಿದ್ದೆಂದು ಯಾರೂ ಕೇಳಲಿಲ್ಲ.

ಹಲಗೆ ಆರಿಸಲು ಅವನ ಕಾರ್ಖಾನೆಗೆ ಹೋದೆ. ಬಾಟಲಿಗಳು ಪುಡಿಯಾಗಿ, ತೊಳೆದು ಒಣಗಿ, ಯಂತ್ರದೊಳಗೆ ಕರಗಿ, ಉದ್ದನೆಯ ಅಚ್ಚಿನಿಂದ ಕಂದು ಬಣ್ಣದ ಪಟ್ಟಿಯಾಗಿ ಹೊರಬಂದು ನೀರಿನ ತೊಟ್ಟಿಯಲ್ಲಿ ತಣಿಯುತ್ತಿದ್ದವು. ಕೊನೆಗೆ ಒಂದು ರೋಲರ್ ಅದರ ಮೈಮೇಲೆ ಮರದ ಗೆರೆಗಳನ್ನು ಒತ್ತುತ್ತಿತ್ತು. ನನಗೆ ಸಿಟ್ಟು ಬಂದದ್ದು ಅಲ್ಲಿ. ಪ್ರತಿ ಹಲಗೆಯಲ್ಲಿಯೂ ಅದೇ ಜಾಗದಲ್ಲಿ ಅದೇ ಗಂಟು! ಮರವನ್ನು ಬೇಡವೆಂದ ಮೇಲೆ ಮರದ ವೇಷ ಯಾಕೆ?

"ಗಿರಾಕಿಗೆ ಬೇಕಲ್ಲ ಭಾವ, ಮರದ ಹಾಗೆ ಕಾಣ್ಬೇಕು, ಮರ ಆಗಿರಬಾರ್ದು" ಎಂದು ಅವನು ನಕ್ಕ. ಆಮೇಲೆ ಗಂಭೀರನಾದ. "ಒಂದೇ ಮಾತು ನೆನಪಿಟ್ಕೊಳ್ಳಿ. ಇದು ಬಿಸಿಲಿಗೆ ಉದ್ದ ಆಗ್ತದೆ. ಮೂರು ಮೀಟರಿನ ಹಲಗೆಗೆ ಹತ್ತು ಎಂಎಂ ಹಿಡೀರಿ. ಎರಡು ಹಲಗೆ ನಡುವೆ ಸಂದು ಬಿಡ್ಲೇಬೇಕು. ಸ್ಕ್ರೂ ತೂತು ಗುಂಡಗೆ ಬೇಡ, ಉದ್ದಕ್ಕೆ ತೆಗೀರಿ, ಹಲಗೆ ಸರಿದಾಡ್ಲಿಕ್ಕೆ. ಸಂದು ಅಳೆಯಲಿಕ್ಕೆ ಈ ತುಂಡುಗಳು."

ಹತ್ತು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ತುಂಡುಗಳ ಒಂದು ಕಟ್ಟನ್ನು ನನ್ನ ಕೈಗೆ ಕೊಟ್ಟ. ಹಳದಿ ದಾರದಲ್ಲಿ ಕಟ್ಟಿದ್ದ. ಇಪ್ಪತ್ತೆಂಟು ವರ್ಷ ಉಳಿ ಹಿಡಿದವನಿಗೆ ಸಂದು ಎಷ್ಟಿರಬೇಕೆಂದು ಬಾಟಲಿ ಕರಗಿಸುವವನು ಹೇಳಿಕೊಡುತ್ತಿದ್ದಾನೆ. ನಾನು ತಲೆಯಾಡಿಸಿ ಕಟ್ಟನ್ನು ಚೀಲಕ್ಕೆ ಹಾಕಿಕೊಂಡೆ.

ಠಾಣೆಯ ವಾಗ್ಳೆ ಎಸ್ಟೇಟಿನ ನನ್ನ ಮರಗೆಲಸದ ಶೆಡ್ಡಿಗೆ ಹಲಗೆಗಳು ಬಂದವು. ಹೊಸ ಮರಕ್ಕೆ ಗರಗಸ ಇಡುವ ಮುನ್ನ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮ್ಮ ಮನೆತನದ ರೂಢಿ. ಇದಕ್ಕೆ ಒತ್ತಿಕೊಳ್ಳಲಿಲ್ಲ. ಬಾಟಲಿಗೆ ಯಾರು ಕೈಮುಗಿಯುತ್ತಾರೆ?

ಮೊದಲ ದಿನವೇ ಅದು ನನ್ನನ್ನು ಸರಿಯಾಗಿ ಆಟ ಆಡಿಸಿತು. ಮರ ಕೊಯ್ಯುವ ವೇಗದಲ್ಲಿ ಕೊಯ್ದರೆ ಪುಡಿ ಕರಗಿ ಬ್ಲೇಡಿಗೆ ಮೆತ್ತಿಕೊಂಡಿತು. ಉಪ್ಪುಕಾಗದ ಹಾಕಿ ಉಜ್ಜಿದರೆ ಅಂಚು ನುಣುಪಾಗುವ ಬದಲು ಕುರಿಮರಿಯ ಹಾಗೆ ಜುಂಗು ಎದ್ದಿತು. ಯಾವ ಅಂಟೂ ಹಿಡಿಯಲಿಲ್ಲ. ರಾತ್ರಿಯಿಡೀ ಬಿಗಿದಿಟ್ಟ ಎರಡು ತುಂಡುಗಳು ಬೆಳಿಗ್ಗೆ ಬಿಚ್ಚಿದ ಕೂಡಲೇ ಒಂದಕ್ಕೊಂದು ಪರಿಚಯವೇ ಇಲ್ಲದವರಂತೆ ಬೇರಾದವು. ಹಲ್ಲು ಕಡಿಮೆಯಿರುವ ಬ್ಲೇಡ್ ಹಾಕಿ ನಿಧಾನಕ್ಕೆ ಕೊಯ್ಯಬೇಕು, ಉಜ್ಜಬಾರದು, ಚೂಪಾದ ಉಕ್ಕಿನ ಪಟ್ಟಿಯಿಂದ ಹೆರೆಯಬೇಕು ಎಂದು ಕಲಿಯಲು ಒಂದು ವಾರ ಹೋಯಿತು. ದೋಣಿಯ ಮೂತಿಯ ಕಡೆ ಹಲಗೆ ಬಾಗಬೇಕಿತ್ತು. ಸಾಗುವಾನಿಯನ್ನು ಬಗ್ಗಿಸುವ ನನ್ನ ಹಳೆಯ ಹಬೆಪೆಟ್ಟಿಗೆಯೊಳಗೆ ಇದನ್ನು ಇಟ್ಟು ನೋಡಿದೆ. ಮುಕ್ಕಾಲು ಗಂಟೆಯ ಮೇಲೆ ತೆಗೆದರೆ ಬಾಳೆಪಟ್ಟೆಯಂತೆ ಬಾಗಿತು. ಅಚ್ಚಿಗೆ ಬಿಗಿದು ಪೂರ್ತಿ ತಣಿಯುವ ತನಕ ಬಿಟ್ಟೆ. ಒಂದು ಸೀಳೂ ಇಲ್ಲ, ಒಂದು ನಾರೂ ಏಳಲಿಲ್ಲ. ನನಗೆ ಖುಷಿಯಾಯಿತು. ಖುಷಿಯಾದದ್ದಕ್ಕೆ ಬೇಜಾರೂ ಆಯಿತು. ಮನೆಯಲ್ಲಿ ಈ ವಿಷಯ ಹೇಳಲಿಲ್ಲ. ಹೇಳಿದ್ದರೆ ಕಲ್ಯಾಣದ ನಮ್ಮ ಮನೆಯಿಂದ ಡೊಂಬಿವಲಿಯ ತಮ್ಮನಿಗೆ ಆ ಕ್ಷಣವೇ ಫೋನ್ ಹೋಗುತ್ತಿತ್ತು.

ಜನವರಿಯ ಎರಡನೆಯ ವಾರ ದೋಣಿಗೆ ಕೂರಿಸಲು ತೊಡಗಿದೆ. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರುತ್ತಿದ್ದೆ. ಖಾಡಿಯ ಮೇಲಿನ ತಣ್ಣನೆ ಗಾಳಿಗೆ ಬೆರಳು ಮರಗಟ್ಟುತ್ತಿದ್ದವು. ಒಂದೊಂದು ಬದಿಗೆ ಮೂರು ಮೀಟರಿನ ನಾಲ್ಕು ಹಲಗೆ. ಮೊದಲ ಸಂದಿಗೆ ಬಂದಾಗ ಕೈ ನಿಂತಿತು. ಹತ್ತು ಮಿಲಿಮೀಟರ್ ಎಂದರೆ ನನ್ನ ಕಿರುಬೆರಳು ತೂರುವಷ್ಟು ಜಾಗ. ಅಷ್ಟು ದೊಡ್ಡ ಸಂದು ಬಿಟ್ಟ ಕೆಲಸವನ್ನು ನನ್ನಪ್ಪ ನೋಡಿದ್ದರೆ ಉಳಿ ಕಿತ್ತುಕೊಳ್ಳುತ್ತಿದ್ದರು. ನೋಡಿದವರು ಹಲಗೆಯನ್ನು ಬೈಯುವುದಿಲ್ಲ, ಆಚಾರಿಯನ್ನು ಬೈಯುತ್ತಾರೆ.

ಅಂಚು ಹೆರೆದು ಹೆರೆದು, ಹಲಗೆಗೆ ಹಲಗೆ ತಾಗಿಸಿ, ಕೂದಲೆಳೆ ತೂರದಂತೆ ಕೂರಿಸಿದೆ. ತೂತುಗಳನ್ನು ಗುಂಡಗೆ, ಬಿಗಿಯಾಗಿ ತೆಗೆದು ಸ್ಟೀಲ್ ಸ್ಕ್ರೂ ಜಡಿದೆ. ಬೆಂಚಿನ ಪಟ್ಟಿಗಳಿಗೂ ಹಾಗೆಯೇ ಮಾಡಿದೆ. ಹಳದಿ ದಾರದ ಕಟ್ಟು ನನ್ನ ಹತ್ಯಾರ ಪೆಟ್ಟಿಗೆಯ ತಳದಲ್ಲಿ ಬಿಚ್ಚದೆ ಉಳಿಯಿತು.

ಬೇಕೆಂದೇ ಮಾಡಿದೆನೇ ಎಂದು ಈಗ ಯಾರಾದರೂ ಕೇಳಿದರೆ, ಅರ್ಧ ಹೌದು. ಸಂದು ಬಿಡಲು ನಾಚಿಕೆಯಾದದ್ದು ನಿಜ. ಜೊತೆಗೆ, ಬಿಡದಿದ್ದರೆ ಏನಾಗುತ್ತದೋ ಆಗಲಿ, ಅವನಿಗೇ ಆಗಲಿ ಎಂಬ ಒಂದು ಸಣ್ಣ ಆಸೆಯೂ ಒಳಗೆ ಕೂತಿತ್ತು. ಅದರ ಕಡೆಗೆ ನಾನು ತಿರುಗಿ ನೋಡಲಿಲ್ಲ, ಅಷ್ಟೇ.

ಕೆಲಸ ಮುಗಿದ ದಿನ ಮಾಲೀಕರು ಸಂದಿನ ಮೇಲೆ ಉಗುರು ಎಳೆದು ನೋಡಿದರು. ಉಗುರು ಎಲ್ಲಿಯೂ ತಡೆಯಲಿಲ್ಲ. "ಫಿನಿಶಿಂಗ್ ಅಂದ್ರೆ ಇದು" ಎಂದರು. ಮೈದುನನೂ ಫೋಟೋ ತೆಗೆಯಲು ಬಂದಿದ್ದ. ಒಂದು ಅಳತೆ ಬೇಕೆಂದು ನನ್ನ ಪೆಟ್ಟಿಗೆಗೆ ಕೈ ಹಾಕಿ ತಾನೇ ಟೇಪ್ ತೆಗೆದುಕೊಂಡ. ಆಮೇಲೆ ಅಂಚುಪಟ್ಟಿಯ ಉದ್ದಕ್ಕೂ ಒಮ್ಮೆ ನಡೆದು ಬಂದು ಮೆಲ್ಲಗೆ ಕೇಳಿದ.

"ಭಾವ, ಸಂದು?"

"ಒಳಗೆ ಉಂಟು" ಎಂದೆ. "ತುದಿ ಅರ್ಧ ಕಡಿದು ಒಂದರೊಳಗೊಂದು ಕೂರಿಸಿದ್ದೇನೆ. ಹೊರಗೆ ಕಾಣುವುದಿಲ್ಲ."

ಅಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಅವನ ಮುಖ ಅರಳಿತು. "ಏಕ್ ನಂಬರ್, ಭಾವ! ನನಗೆ ಇದು ಹೊಳೆದೇ ಇರ್ಲಿಲ್ಲ" ಎಂದ. ಮಾಲೀಕರಿಗೂ ಕೂಗಿ ಹೇಳಿದ. ಅವನು ನನ್ನನ್ನು ಹೊಗಳಿದ್ದು ಅದೇ ಮೊದಲಲ್ಲ, ಆದರೆ ನಾನು ಕಿವಿಗೊಟ್ಟು ಕೇಳಿದ್ದು ಅದೇ ಮೊದಲು.

ಮಾರ್ಚ್ ಮೂರನೆಯ ವಾರ, ಬಿಸಿಲು ಏರಿದ ಒಂದು ಶುಕ್ರವಾರ, ಮಾಲೀಕರ ಫೋನ್ ಬಂತು. "ಕೂಡಲೇ ಬನ್ನಿ" ಎಂದರು.

ಹೋಗಿ ನೋಡಿದರೆ ಬಿಸಿಲು ಬೀಳುವ ಬದಿಯ ಅಂಚುಪಟ್ಟಿ ಹಾವು ಹರಿದಂತೆ ಹೊರಗೆ ಉಬ್ಬಿತ್ತು. ಎರಡು ಸ್ಕ್ರೂ ಮುರಿದಿದ್ದವು, ಮೂರು ಕಿತ್ತು ಹೊರಗೆ ಇಣುಕುತ್ತಿದ್ದವು. ಬೆಂಚಿನ ಪಟ್ಟಿಗಳು ಮಧ್ಯದಲ್ಲಿ ಎದ್ದು ನಿಂತಿದ್ದವು. ಹಕ್ಕಿ ನೋಡಲು ಬಂದ ಒಬ್ಬ ಹೆಂಗಸಿನ ಸೀರೆ ಆ ಸ್ಕ್ರೂವಿಗೆ ಸಿಕ್ಕಿ ಹರಿದಿತ್ತು. ಪುಣ್ಯಕ್ಕೆ ಕೈ ಸಿಕ್ಕಿರಲಿಲ್ಲ.

"ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ" ಎಂದು ಮಾಲೀಕರು ಕೂಗಾಡಿದರು. "ನಿಮ್ಮ ಕೆಲಸ ನೋಡಿದ್ದೇನೆ, ನಿಮ್ಮದೇನೂ ತಪ್ಪಿಲ್ಲ. ಅವನ ಮಾಲೇ ಲಡ್ಡು, ದಮ್ಮಿಲ್ಲ. ಸೋಮವಾರ ಟೆಂಪೊ ತಂದು ಎಲ್ಲ ಕಿತ್ಕೊಂಡು ಹೋಗು ಅಂತ ಅವನಿಗೆ ಹೇಳಿದ್ದೇನೆ. ಇದಕ್ಕೂ ಉಳಿದೆರಡಕ್ಕೂ ನೀವು ಸಾಗುವಾನಿಯೇ ಹಾಕಿ ಕೊಡಿ."

ಅದೇ ಜೆಟ್ಟಿಯ ಇನ್ನಿಬ್ಬರು ದೋಣಿಯವರು ಮೈದುನನ ಹಲಗೆ ತೆಗೆದುಕೊಳ್ಳಲು ಮಾತಾಡಿದ್ದರು. ಅವರೂ ಬಂದು ನೋಡಿ ಮೂಗು ಮುರಿದು ಹೋದರು. ಇಲ್ಲಿ ಒಬ್ಬ ದೋಣಿಯವನು ಬೇಡವೆಂದ ಸಾಮಾನನ್ನು ಖಾಡಿಯ ಆಚೆ ದಡದವನೂ ಮುಟ್ಟುವುದಿಲ್ಲ. ದೋಣಿಯ ಹಲಗೆಗೆಂದೇ ಅವನು ಹೊಸ ಅಚ್ಚು ಮಾಡಿಸಿದ್ದ. ಆ ಬಾಗಿಲು ಅಂದೇ ಮುಚ್ಚಿದಂತಾಯಿತು.

ನನಗೆ ಸಂತೋಷವಾಯಿತು ಎಂದು ಬರೆಯಲು ಕೈ ಹಿಂಜರಿಯುತ್ತದೆ. ಆದರೆ ಆಯಿತು. ಠಾಣೆಗೆ ಹೋಗುವ ಲೋಕಲ್‌ನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು, ಮೂರು ದೋಣಿಗೆ ಎಷ್ಟು ಮರ ಬೇಕೆಂದು ಲೆಕ್ಕ ಹಾಕುತ್ತಾ ಕೂತೆ. ಸಂಘದ ಪೀಠದ ಹಿಂದೆ ನಿಂತ ಅವನ ಮುಖ ನೆನಪಾಯಿತು. ಈಗ ಹೊಡೆಯಲಿ ಚಪ್ಪಾಳೆ, ಎಂದುಕೊಂಡೆ.

ಶನಿವಾರ ಸಂಜೆ ಮನೆಗೆ ಬಂದಾಗ ಹೆಂಡತಿ ಅಡುಗೆಮನೆಯಲ್ಲಿ ನೀರ್‌ದೋಸೆ ಹುಯ್ಯುತ್ತಿದ್ದಳು. ತಮ್ಮನ ವಿಷಯ ಗೊತ್ತಾಗಿತ್ತೆಂದು ಮುಖವೇ ಹೇಳುತ್ತಿತ್ತು. ಅಳುತ್ತಾಳೆ, ಇಲ್ಲವೇ ಜಗಳ ಆಡುತ್ತಾಳೆ ಎಂದು ನಾನು ತಯಾರಾಗಿದ್ದೆ. ಎರಡೂ ಮಾಡಲಿಲ್ಲ. ತಟ್ಟೆಗೆ ದೋಸೆ ಹಾಕಿ ಕೇಳಿದಳು.

"ಸೋಮವಾರ ನೀವೂ ಹೋಗ್ತೀರಲ್ಲ, ಜೆಟ್ಟಿಗೆ?"

"ನನಗೆ ಅಲ್ಲೇನು ಕೆಲಸ? ಕಿತ್ತುಕೊಂಡು ಹೋಗುವವನು ಅವನು."

"ಹೋಗಿ" ಎಂದಳು. ಅಷ್ಟೇ.

ಅವಳು ತಮ್ಮನ ಪರ ಎಂದು ಎಣಿಸಿದೆ. ಇಪ್ಪತ್ತು ವರ್ಷದಿಂದ ನನ್ನ ಊಟ ತಿಂಡಿ ನೋಡಿಕೊಂಡವಳಿಗೆ ನನ್ನ ಕೈಕೆಲಸದ ಬಗ್ಗೆ ಒಂದು ಒಳ್ಳೆಯ ಮಾತು ಬಾಯಿಗೆ ಬರುವುದಿಲ್ಲ, ಅವನಿಗಾದರೆ ಕಣ್ಣಲ್ಲೇ ನೀರು. ದೋಸೆ ಅರ್ಧಕ್ಕೇ ಬಿಟ್ಟು ಎದ್ದೆ.

ಆದರೂ ಭಾನುವಾರ ಯಾರಿಗೂ ಹೇಳದೆ ಜೆಟ್ಟಿಗೆ ಹೋದೆ. ಯಾಕೆ ಹೋದೆ ಎಂದರೆ, ಆ ಉಬ್ಬು ಕಣ್ಣೆದುರಿಂದ ಹೋಗುತ್ತಿರಲಿಲ್ಲ. ನಾನು ಕೂರಿಸಿದ ಕೆಲಸ ಹಾಗೆ ಬಾಯಿ ಬಿಟ್ಟದ್ದನ್ನು ನಾನು ಯಾವತ್ತೂ ನೋಡಿದವನಲ್ಲ. ಬೆಳಿಗ್ಗೆ ಎಂಟಕ್ಕೆ ನೆರಳಿನ ಬದಿಯ ಒಂದು ಹಲಗೆ ಬಿಚ್ಚಿ ಅಳೆದೆ: ಮೂರು ಮೀಟರ್, ಸರಿಯಾಗಿ. ಬಿಸಿಲಿಗೆ ಇಟ್ಟೆ. ಮಧ್ಯಾಹ್ನ ಒಂದು ಗಂಟೆಗೆ ಮತ್ತೆ ಅಳೆದೆ. ಕೈ ಇಡಲಾಗದಷ್ಟು ಕಾದಿತ್ತು. ಮೂರು ಮೀಟರಿನ ಮೇಲೆ ಒಂಬತ್ತು ಮಿಲಿಮೀಟರ್. ಅವನು ಹೇಳಿದ್ದಕ್ಕೆ ಒಂದೇ ಒಂದು ಕಡಿಮೆ.

ಆಮೇಲೆ ಉಬ್ಬಿದ ಹಲಗೆಗಳಲ್ಲಿ ಒಂದನ್ನು ಬಿಚ್ಚಿದೆ. ಅದರ ಸ್ಕ್ರೂಗಳು ಆಗಲೇ ಸಡಿಲವಾಗಿದ್ದವು, ತಲೆಯ ಮೇಲೆ ಹೊಸ ಗೀರುಗಳಿದ್ದವು. ಮಾಲೀಕರು ತೆಗೆದು ನೋಡಿರಬೇಕು ಎಂದುಕೊಂಡೆ. ಕೊನೆಯ ಸ್ಕ್ರೂ ಬಿಟ್ಟ ಕೂಡಲೇ ಹಲಗೆ ಒಮ್ಮೆ ಕುಪ್ಪಳಿಸಿ, ನೆಲದ ಮೇಲೆ ಹೆಚ್ಚುಕಡಿಮೆ ನೆಟ್ಟಗೆ ಮಲಗಿತು. ಅದರ ಪಕ್ಕ ಕೂತುಕೊಂಡೆ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಊದುತ್ತದೆ, ಅದಕ್ಕೆ ನಾನು ಬಾಗಿಲು ಮಾಡುವಾಗ ಜಾಗ ಬಿಡುತ್ತೇನೆ. ಬಿಡದವನನ್ನು ಬೈಯುತ್ತೇನೆ. ಇದು ಬಿಸಿಲಿಗೆ ಉದ್ದಕ್ಕೆ ಬೆಳೆಯುತ್ತದೆ, ಇಷ್ಟೇ ವ್ಯತ್ಯಾಸ. ನಾನು ಮಾಡಿದ ಸಾಗುವಾನಿ ಕೊಳೆತಾಗ ಮಳೆಗಾಲದ ತಪ್ಪೆಂದರು, ನಾನೂ ಹೌದೆಂದೆ. ಅವನ ಹಲಗೆ ಉಬ್ಬಿದಾಗ ಅವನ ತಪ್ಪೆಂದರು, ಆಗಲೂ ನಾನು ಹೌದೆಂದೆ. ಹಲಗೆಯಲ್ಲಿ ಯಾವ ದೋಷವೂ ಇರಲಿಲ್ಲ. ನನಗೆ ಅವನ ಮೇಲಿನ ಹೊಟ್ಟೆಕಿಚ್ಚು ಅಂದು ಕಡಿಮೆಯಾಗಲಿಲ್ಲ. ಆದರೆ ಹಲಗೆ ಕೂರಿಸಲು ಬಾರದವನೆಂದು ನನ್ನ ಕಣ್ಣಿಗೆ ನಾನೇ ಕಾಣತೊಡಗಿದೆ. ಅದನ್ನು ತಡೆಯಲಾಗಲಿಲ್ಲ.

ಸೋಮವಾರ ನಾನು ತಲುಪುವಾಗ ಟೆಂಪೊ ಬಂದಿತ್ತು. ಮೈದುನ ಒಂದು ಬದಿಗೆ ನಿಂತಿದ್ದ, ಮಾಲೀಕರು ಇನ್ನೊಂದು ಬದಿಗೆ. ಚೀಲ ಕೆಳಗಿಟ್ಟು ಇಬ್ಬರ ಎದುರೇ ಹೇಳಿದೆ.

"ಹಲಗೆ ಸರಿ ಉಂಟು. ಕೂರಿಸಿದ್ದು ತಪ್ಪು. ಸಂದು ಬಿಡ್ಬೇಕು ಅಂತ ಇವನು ಹೇಳಿದ್ದ, ಅಳತೆಗೆ ತುಂಡು ಸಹ ಕೊಟ್ಟಿದ್ದ. ನಾನು ಬಿಡಲಿಲ್ಲ. ಕೇಳಿದಾಗ ಬಿಟ್ಟಿದ್ದೇನೆ ಅಂತ ಸುಳ್ಳು ಹೇಳಿದೆ."

ಮಾಲೀಕರು ಹೋಗಿ ಉಬ್ಬಿದ ಪಟ್ಟಿಯ ಮೇಲೆ ಉಗುರು ಎಳೆದರು. ಆಮೇಲೆ, "ಅನುಭವ ಉಂಟು ಅಂತ ನಿಮಗೆ ಕೊಟ್ಟದ್ದಲ್ಲವಾ ಆಚಾರ್ರೇ" ಎಂದರು. ಬೈದಿದ್ದರೆ ಇದಕ್ಕಿಂತ ಸುಲಭವಿತ್ತು. ಇದ್ದ ಹಲಗೆಗಳಿಂದಲೇ ವಾರದೊಳಗೆ ಮತ್ತೆ ಕೂರಿಸಿ ಕೊಡುತ್ತೇನೆ, ಈ ಬೇಸಿಗೆ ದಾಟಲಿ, ಉಳಿದ ದೋಣಿಗಳ ಮಾತು ಆಮೇಲೆ, ಎಂದೆ. ಅವರು ಕೈಯಾಡಿಸಿ ಹೋದರು. ಅದು ಹೌದೋ ಅಲ್ಲವೋ ತಿಳಿಯದೆ ನಾನು ಮೈದುನನ ಕಡೆ ನೋಡಿದೆ. ಅವನು ಟೆಂಪೊ ಡ್ರೈವರಿಗೆ, "ಜಾ ಭಾವೂ, ಆಜ್ ಕಾಮ್ ನಾಹಿ" ಎಂದ. ಇವತ್ತು ಕೆಲಸವಿಲ್ಲವೆಂದು ಟೆಂಪೊ ಖಾಲಿ ಹೋಯಿತು.

ಆ ವಾರ ನಾನು ಬೆಳಿಗ್ಗೆ ಹಲಗೆ ಕೂರಿಸಲಿಲ್ಲ. ಬೆಳಿಗ್ಗೆಯೆಲ್ಲ ತೂತುಗಳನ್ನು ಉದ್ದ ಮಾಡುವುದು, ತುದಿಗಳನ್ನು ಅರ್ಧ ದಪ್ಪಕ್ಕೆ ಕಡಿಯುವುದು. ಕೂರಿಸುತ್ತಿದ್ದದ್ದು ಮಧ್ಯಾಹ್ನ ಹನ್ನೆರಡರ ಮೇಲೆ, ಹಲಗೆ ಕಾದು ತನ್ನ ಪೂರ್ತಿ ಉದ್ದಕ್ಕೆ ಬೆಳೆದಾಗ. ಆಗ ಎರಡು ಮಿಲಿಮೀಟರ್ ಬಿಟ್ಟರೆ ಸಾಕು, ಚಳಿಗೆ ಅದೇ ಕುಗ್ಗಿ ಉಳಿದ ಜಾಗ ಮಾಡಿಕೊಳ್ಳುತ್ತದೆ. ಮಧ್ಯದ ಒಂದು ಸ್ಕ್ರೂ ಮಾತ್ರ ಬಿಗಿ, ಉಳಿದವು ಹಲಗೆ ಸರಿದಾಡುವಷ್ಟು ಸಡಿಲ. ತುದಿಗಳು ಒಂದರ ಮೇಲೊಂದು ಕೂತವು. ಸಂದಿನ ಮೇಲೆ ಸಣ್ಣ ಸ್ಟೀಲ್ ಪಟ್ಟಿಯಿಟ್ಟು ಒಂದೇ ಬದಿಗೆ ಸ್ಕ್ರೂ ಹಾಕಿದೆ. ಹೊರಗಿನಿಂದ ಸಂದು ಕಾಣುತ್ತಿರಲಿಲ್ಲ. ಜನವರಿಯಲ್ಲಿ ಸುಳ್ಳು ಹೇಳಿದ್ದ ಕೆಲಸವನ್ನು ಮಾರ್ಚಿನಲ್ಲಿ ಮಾಡಿದೆ.

ಮೈದುನ ಕಾರ್ಖಾನೆ ಬಿಟ್ಟು ದಿನವೂ ಬಂದ. ಕಾದ ಹಲಗೆಯ ಇನ್ನೊಂದು ತುದಿಯನ್ನು ಒದ್ದೆ ಗೋಣಿ ಸುತ್ತಿ ಹಿಡಿದುಕೊಂಡ. ಕೊನೆಯ ಹಲಗೆ ಕೂರಿಸುವ ದಿನ, ಹತ್ತರ ಅಳತೆ ಬೇಕಿಲ್ಲದಿದ್ದರೂ, ನಾನು ಪೆಟ್ಟಿಗೆಯ ತಳದಿಂದ ಆ ತುಂಡುಗಳ ಕಟ್ಟು ತೆಗೆದು ಹಳದಿ ದಾರ ಬಿಚ್ಚಿದೆ.

"ಇದು ಬಿಚ್ಚದೆ ಬಿದ್ದದ್ದನ್ನು ಜನವರಿಯಲ್ಲೇ ನೋಡಿದ್ದೆ ಭಾವ, ಟೇಪ್ ತೆಗೆಯುವಾಗ" ಎಂದ ಅವನು. "ನೀವು ಒಳಗೆ ಉಂಟು ಅಂದ್ರಲ್ಲ, ನಂಬಿದೆ. ಹೋದ ಶನಿವಾರ ಬೆಳಿಗ್ಗೆ ಬಂದು ಒಂದು ಹಲಗೆ ಬಿಚ್ಚಿ ನೋಡಿದೆ. ಒಳಗೆ ಏನೂ ಇರ್ಲಿಲ್ಲ."

ಸ್ಕ್ರೂ ತಲೆಯ ಹೊಸ ಗೀರುಗಳು ನೆನಪಾದವು. ಕಟ್ಟು ಕೆಳಗಿಟ್ಟು ಕೇಳಿದೆ. "ಮತ್ತೆ ಮಾಲೀಕರಿಗೆ ಯಾಕೆ ಹೇಳಲಿಲ್ಲ?"

"ಹೇಳ್ಲಿಕ್ಕೇ ಹೊರಟಿದ್ದೆ. ಸೀದಾ ನಿಮ್ಮ ಮನೆಗೆ ಹೋಗಿ ಅಕ್ಕನ ಎದುರೇ ಫೋನ್ ತೆಗೆದೆ. ಸಿಟ್ಟು ಹಾಗಿತ್ತು. ಅಕ್ಕ ಫೋನ್ ಕಿತ್ಕೊಂಡ್ಳು. ಸೋಮವಾರದ ತನಕ ಸುಮ್ಮನಿರು, ಅವರೇ ಹೇಳ್ತಾರೆ ಅಂದ್ಳು. ಹೇಳದಿದ್ರೆ ಅಂತ ಕೇಳಿದೆ. ನಿನಗೆ ಅವರು ಗೊತ್ತಿಲ್ಲ ಅಂದ್ಳು."

ಅವನ ಹಲಗೆ, ಅವನ ಹೊಸ ಅಚ್ಚು, ಖಾಡಿಯಲ್ಲಿ ಅವನ ಹೆಸರು. ಎಲ್ಲವನ್ನೂ ಅಕ್ಕನ ಒಂದು ಮಾತಿಗೆ ಎರಡು ದಿನ ಬಿಟ್ಟುಕೊಟ್ಟು ಅವನು ಬಾಯಿ ಮುಚ್ಚಿ ಕೂತಿದ್ದ. ನನಗೆ ಅದು ಸಾಧ್ಯವಿತ್ತೇ? ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು. ಹಲಗೆಯ ತುದಿಯನ್ನು ಅವನ ಕೈಗೆ ಕೊಡುವ ಮುನ್ನ, ಅಭ್ಯಾಸ ಬಲದಿಂದಲೋ ಏನೋ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಕಾದಿತ್ತು, ರೆಪ್ಪೆ ಸುಟ್ಟಿತು.

ಮನೆಗೆ ಬಂದಾಗ ಹೆಂಡತಿ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದಳು. ಚಪ್ಪಲಿ ಬಿಡುತ್ತಲೇ ಕೇಳಿದೆ.

"ಆ ಸೋಮವಾರ ನಾನು ಹೋಗದೇ ಇದ್ದಿದ್ದರೆ?"

ಅವಳು ನನ್ನ ಅಂಗಿಯನ್ನು ಕೊಡವಿ ಮಡಚಿದಳು.

"ಮಂಗಳವಾರ ಹೋಗ್ತಿದ್ದಿರಿ" ಎಂದಳು.